ಆಳಿಗೆ ಕಾಲು ಚೀಲ, ಆಳಿಗೆ ಮುಕ್ಕಾಲು ಚೀಲ

ಈ ಸಲ ಬರಹ ಉದ್ದ ಆಗಿದೆ, ಹಾಲು ಹಾಕಿ ಬಂದಮೇಲೆ ಕೂತು ಓದಿ. ಬೆಳೆ ಬಗ್ಗೆ ಕಮ್ಮಿ, ಆಳಿನ ಬಗ್ಗೆ ಜಾಸ್ತಿ ಇದೆ.

ಹೋದ ಭಾನುವಾರ ಡೈರಿ ಮುಂದೆ ಆದ ಮಾತು ನಮ್ಮ ಸುತ್ತಿನ ಊರಿನವರಿಗೆಲ್ಲ ತಲುಪಿರಬೇಕು. ಕಡ್ಲೆಕಾಯಿ ಕಳೆ ಶುರುವಾಗೋ ಮುಂಚೆ ರೈತರೆಲ್ಲ ಒಂದು ಕಟ್ಟುಪಾಡು ಮಾಡ್ಕೊಬೇಕು, ಹೆಣ್ಣಾಳಿಗೆ 300ರ ಮೇಲೆ ಯಾರೂ ಕೊಡಬಾರದು, ಕೊಟ್ಟವರ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಹೋಗಬಾರದು ಅಂತ ಮಾತು. ಈಗ 400 ನಡೀತಿದೆ. ಕಾರಣ ಎಲ್ಲರ ಬಾಯಲ್ಲೂ ಒಂದೇ: ನಮ್ಮ ಕಡೆ ಆಳು ಸೋಮಾರಿ ಆಗಿಬಿಟ್ಟರು, ಗೃಹಲಕ್ಷ್ಮಿ ಬಂತು, ಫ್ರೀ ಬಸ್ ಬಂತು, ಕೈ ಬಗ್ಗಲ್ಲ. ನಾನು ಅವತ್ತು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಮುಂದಿನ ವಾರ ಹೇಳ್ತೀನಿ ಅಂತ ಎದ್ದು ಬಂದೆ. ನಾನು ಒಪ್ಪಲ್ಲ. ಯಾಕೆ ಅಂತ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಡೈರಿ ಮುಂದೆ ಮಾತಾಡಿದರೆ ಮೂರನೇ ಮಾತಿಗೆ ಜಗಳಕ್ಕೆ ಹೋಗುತ್ತೆ.

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ, ಆಮೇಲೆ ಬೇರೆಯವರದ್ದು.

ಹೋದ ವರ್ಷ ಕಾರ್ತೀಕದಲ್ಲಿ ನನ್ನ ಮೇಲಿನ ಹೊಲದ ಒಂದು ಎಕರೆ ಕಡ್ಲೆಕಾಯಿ ಕೀಳಿಸಿದೆ. ನೆನಪಿದ್ದರೆ ನೋಡಿ, ಸ್ವಾತಿ ಮಳೆ ಪೂರ್ತಿ ಕೈಕೊಟ್ಟಿತ್ತು. ನಮ್ಮ ಕೆಂಪು ನೆಲ ತೇವ ಇದ್ದಾಗ ಬೆಣ್ಣೆ, ಒಣಗಿದರೆ ಸುಟ್ಟ ಇಟ್ಟಿಗೆ. ಗಿಡ ಎಳೆದರೆ ಬಳ್ಳಿ ಕೈಗೆ ಬರುತ್ತೆ, ಕಾಯಿ ನೆಲದಲ್ಲೇ ಉಳಿಯುತ್ತೆ. ಗುದ್ದಲಿಯಲ್ಲಿ ಕೆದಕಿ ಕೆದಕಿ ಆರಿಸಬೇಕು. ಮೊದಲ ದಿನ ಆರು ಜನ ಹೆಂಗಸರು ಬಂದಿದ್ದರು. ಅದರಲ್ಲಿ ನಮ್ಮ ಬೀದಿ ಅಕ್ಕ ಒಬ್ಬರು. ನನಗಿಂತ ಎರಡು ಮೂರು ವರ್ಷ ದೊಡ್ಡವರು, ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದಿದ್ದೀನಿ. ಹತ್ತು ಗಿಡ ಕೀಳೋದು, ಎದ್ದು ನಿಂತ್ಕೊಳ್ಳೋದು, ಸೊಂಟ ಹಿಡ್ಕೊಳ್ಳೋದು. ಮಧ್ಯಾಹ್ನ ನೋಡಿದರೆ ಕಾಲು ಎಕರೆಯೂ ಆಗಿರಲಿಲ್ಲ. ನನಗೆ ತಲೆ ಬಿಸಿ. "ಏನಕ್ಕಾ, ಕೂಲಿ ಇಸ್ಕೊಳ್ಳೋವಾಗ ಪೂರ್ತಿ ಬೇಕು, ಕೆಲಸ ಮಾತ್ರ ಅರ್ಧಾನಾ?" ಅಂದ್ಬಿಟ್ಟೆ, ಎಲ್ಲರ ಮುಂದೆ.

ಅವರು ಏನೂ ಅನ್ನಲಿಲ್ಲ. ಹಿಡಿದ ಸಾಲು ಮುಗಿಸಿದರು. ಸಾಯಂಕಾಲ ಕೂಲಿ ಇಸ್ಕೊಳ್ಳದೆ ಹೋದರು. ರಾತ್ರಿ ಮನೆಗೆ ಕಳಿಸಿದೆ, ಮಗ ಇಸ್ಕೊಂಡ. ಮಾರನೇ ದಿನ ಐದೇ ಜನ ಬಂದರು. ಅಲ್ಲಿಂದ ಇಲ್ಲಿವರೆಗೂ ಆಯಮ್ಮ ನನ್ನ ಹೊಲ ತುಳಿದಿಲ್ಲ.

ಈಗ ಈ ವರ್ಷ ಮೇ ತಿಂಗಳಿಗೆ ಬರ್ತೀನಿ. ನಮ್ಮ ತಂಗಿಯನ್ನ ಕೊಟ್ಟಿರೋದು ಹಿರಿಯೂರು ಕಡೆ, ಮಾರಿಕಣಿವೆ ನಾಲೆ ಬಯಲಿಗೆ. ಅವರು ಬೇಸಿಗೆ ಕಡ್ಲೆಕಾಯಿ ಹಾಕ್ತಾರೆ (ಅಲ್ಲಿ ಶೇಂಗಾ ಅನ್ನಬೇಕು, ಕಡ್ಲೆಕಾಯಿ ಅಂದ್ರೆ ನಗ್ತಾರೆ). ಕೀಳೋ ಟೈಮಲ್ಲಿ ಹೋಗಿದ್ದೆ. ಹೊಲದ ಹತ್ತಿರ ನಿಂತಿದ್ದ ಬೊಲೆರೊ ನೋಡಿದರೆ ನಮ್ಮೂರ ಹುಡುಗನದ್ದು. ಇಳಿದಿದ್ದ ಆರು ಜನ ನಮ್ಮೂರ ಹೆಂಗಸರೇ, ಹೋದ ಕಾರ್ತೀಕದಲ್ಲಿ ನನ್ನ ಹೊಲದಲ್ಲಿ ಇದ್ದವರೇ. ಅಕ್ಕನೂ ಇದ್ದರು. ನನ್ನ ನೋಡಿ ಸೆರಗು ಸರಿ ಮಾಡ್ಕೊಂಡು ಆ ಕಡೆ ತಿರುಗಿದರು.

ನಾನು ನಾಲ್ಕು ದಿನ ಅಲ್ಲೇ ಉಳ್ಕೊಂಡೆ. ಕೆಲಸಕ್ಕೆ ಅಂತ ಅಲ್ಲ, ಲೆಕ್ಕಕ್ಕೆ. ನನ್ನ ಹತ್ತಿರ ಲೆಕ್ಕದ ಪುಸ್ತಕ ಇದೆ ಅಂತ ನಿಮಗೆಲ್ಲ ಗೊತ್ತು, ಇದಕ್ಕೆ ನಗೋರೂ ಇದ್ದಾರೆ. ನನ್ನ ಎಕರೆಗೆ ಕೀಳೋಕೆ 11 ಆಳು, ಕಾಯಿ ಬಿಡಿಸೋಕೆ 9 ಆಳು, ಒಟ್ಟು 20. ಬಂದಿದ್ದು 40 ಕೆ.ಜಿ.ಯ 5 ಚೀಲ. ತಂಗಿ ಎಕರೆಗೆ ಕೀಳೋಕೆ ಒಂದೇ ದಿನ, 6 ಆಳು. ಬಿಡಿಸೋಕೆ ಮೂರು ದಿನ, 18 ಆಳು. ಒಟ್ಟು 24. ಬಂದಿದ್ದು 18 ಚೀಲ. ನನ್ನ ಹೊಲದಲ್ಲಿ ಆಳಿಗೆ ಕಾಲು ಚೀಲ, ಅಲ್ಲಿ ಆಳಿಗೆ ಮುಕ್ಕಾಲು ಚೀಲ. ಅದೇ ಆರು ಜನ, ಅದೇ ಹನ್ನೆರಡು ಕೈ. ಆರು ತಿಂಗಳಲ್ಲಿ ಸೋಮಾರಿತನ ಹೋಗಿ ಚುರುಕು ಬಂತಾ? ಹೋಗ್ತಾ ಬೊಲೆರೊದಲ್ಲಿ ಏನಾದ್ರೂ ಕುಡಿಸಿದರಾ?

ಹಿರಿಯೂರು ಏನು ಮಲೆನಾಡಲ್ಲ ಸ್ವಾಮಿ. ಕೃಷಿ ಇಲಾಖೆ ಲೆಕ್ಕದಲ್ಲಿ ಅದೂ ನಾವೂ ಒಂದೇ ಮಧ್ಯ ಒಣ ವಲಯ. ಮಳೆ ಹೆಚ್ಚುಕಮ್ಮಿ ನಮ್ಮಷ್ಟೇ. ವ್ಯತ್ಯಾಸ ಇರೋದು 1907ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಕಟ್ಟಿ ಮುಗಿಸಿದ ಕಟ್ಟೆಯಲ್ಲಿ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲೇ ಮತ್ತೆ ಬಿದ್ದಿದ್ದು. ನಾವೂ ಟೆಂಪೋ ಮಾಡ್ಕೊಂಡು ಹೋಗಿ ನೋಡಿ ಬಂದ್ವಲ್ಲ. ಆ ನೀರು ನಾಲೆಯಲ್ಲಿ ಬಂದು, ಕೀಳೋ ಎರಡು ದಿನ ಮುಂಚೆ ನೆಲಕ್ಕೆ ಒಂದು ತೇವ ಕೊಟ್ಟಿದ್ದಕ್ಕೆ ಗಿಡ ಕಾಯಿ ಸಮೇತ ಕೈಗೆ ಬಂತು. ಗಿಡ ತುಂಬಾ ಕಾಯಿ ಇದ್ದಿದ್ದಕ್ಕೆ ಬಿಡಿಸೋ ಕೈಗೆ ಕೆಲಸ ಸಿಕ್ಕಿತು. ನನ್ನ ಹೊಲದಲ್ಲಿ ಗಿಡಕ್ಕೆ ಆರೋ ಎಂಟೋ ಕಾಯಿ, ಅದರಲ್ಲಿ ಎರಡು ಜೊಳ್ಳು. ಎಷ್ಟು ಚುರುಕು ಕೈ ಆದ್ರೂ ಇಲ್ಲದ ಕಾಯಿ ಎಲ್ಲಿಂದ ಬಿಡಿಸ್ತಾರೆ?

ಇನ್ನು ಅಕ್ಕನ ವಿಷಯ. ಅಲ್ಲಿ ಕೀಳೋ ದಿನ ಆಯಮ್ಮ ಹಿಂದೆ ಇದ್ದರು, ಆದರೆ ಬಿಡಿಸೋ ಮೂರು ದಿನವೂ ಎಲ್ಲರಿಗಿಂತ ಮುಂದೆ. ತೆಂಗಿನ ನೆರಳಲ್ಲಿ ಕಾಲು ಚಾಚಿ ಕೂತು, ಗಿಡ ತೊಡೆ ಮೇಲೆ ಇಟ್ಕೊಂಡು ಬಿಡಿಸ್ತಿದ್ದರೆ ಕೈ ಕಾಣ್ತಾ ಇರಲಿಲ್ಲ. ನನ್ನ ತಂಗಿ ಹೇಳಿದಳು: "ಅಣ್ಣಾ, ಆಯಮ್ಮಂಗೆ ಮಂಡಿ ಮಡಚಕ್ಕೆ ಆಗಲ್ಲ, ನೀನು ನೋಡೇ ಇಲ್ವಾ?" ನಾನು ನೋಡಿರಲಿಲ್ಲ. ಒಂದೇ ಬೀದಿ, ನಲವತ್ತು ವರ್ಷ.

ನಮ್ಮ ಪಾವಗಡ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನೋದು ಹೊಸ ವಿಷಯ ಅಲ್ಲ. ಹಲ್ಲು ಕಂದು ಆಗೋದನ್ನ ಎಲ್ಲರೂ ನೋಡಿದ್ದೀವಿ, ಹೆಣ್ಣು ನೋಡೋಕೆ ಬಂದವರು ಹಲ್ಲು ನೋಡಿ ಎದ್ದು ಹೋಗಿದ್ದೂ ಇದೆ. ಆದರೆ ಅದು ಹಲ್ಲಿಗೇ ನಿಲ್ಲಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲಿಗೆ ಇಳಿಯುತ್ತೆ, ಸೊಂಟ, ಮಂಡಿ, ಕುತ್ತಿಗೆ ಬಿಗಿ ಆಗುತ್ತೆ. ಬೋರ್ ಆಳ ಹೋದಷ್ಟೂ ನಮ್ಮ ಕಡೆ ಇದು ಜಾಸ್ತಿನೇ ಕಂಡಿದೆ. ಕಾಸಿ ಕುಡಿದರೆ ಹೋಗುತ್ತೆ ಅಂತ ಕೆಲವರು ಅಂದ್ಕೊಂಡಿದ್ದಾರೆ. ಹೋಗಲ್ಲ, ನೀರು ಆವಿ ಆಗಿ ಫ್ಲೋರೈಡ್ ಇನ್ನೂ ಗಟ್ಟಿ ಆಗುತ್ತೆ. ಆಸ್ಪತ್ರೆಯವರು ಮಾಡಿಸೋ ಮೂರು ಪರೀಕ್ಷೆ ಇದೆ, ಮನೆಯಲ್ಲೇ ಮಾಡಿ ನೋಡಿ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟೋದು, ಗದ್ದ ಎದೆಗೆ ತಾಗಿಸೋದು, ಎರಡೂ ಕೈ ತಲೆ ಹಿಂದೆ ಕಟ್ಟೋದು. ನಾನು ಮಾಡಿದೆ. ಗದ್ದ ತಾಗಿತು, ಕೈ ಹೋಯ್ತು, ಕಾಲ್ಬೆರಳಿಗೆ ಒಂದು ಗೇಣು ಬಾಕಿ. ನನ್ನ ತಮ್ಮನಿಗೆ ಕೈ ಕಿವಿಯಿಂದ ಹಿಂದೆ ಹೋಗಲ್ಲ. ಇದಕ್ಕೆ ವಯಸ್ಸೂ ಕಾರಣ ಇರಬಹುದು, ಡಾಕ್ಟರೇ ನೋಡಿ ಹೇಳಬೇಕು. ಆದರೆ ಮಂಡಿ ಮಡಚೋಕೆ ಆಗದವರನ್ನ ದಿನವಿಡೀ ಕುಕ್ಕುರುಗಾಲಲ್ಲಿ ಕೂರಿಸಿ, ಎದ್ದು ನಿಂತರೆ ಸೋಮಾರಿ ಅಂತ ಬೈದವನು ನಾನು.

ಈಗ ಡೈರಿ ಮುಂದಿನ ವಾದಕ್ಕೆ ಬರೋಣ. ಗೃಹಲಕ್ಷ್ಮಿ ಬಂದು ಕೆಟ್ಟರು ಅಂತೀರಿ. ಶಕ್ತಿ ಬಸ್ಸು 2023ರ ಜೂನ್‌ನಲ್ಲಿ ಬಂತು, ಗೃಹಲಕ್ಷ್ಮಿ ಅದೇ ಆಗಸ್ಟ್‌ನಲ್ಲಿ. ನನ್ನ ಪುಸ್ತಕದಲ್ಲಿ 2012ರ ಲೆಕ್ಕವೂ ಇದೆ. ಅನ್ನಭಾಗ್ಯವೂ ಇರಲಿಲ್ಲ ಅವಾಗ. ಅದೇ ಮೇಲಿನ ಹೊಲ, 19 ಆಳು, 5 ಚೀಲ. ಹೆಣ್ಣಾಳಿಗೆ 120 ರೂಪಾಯಿ. ಹದಿಮೂರು ವರ್ಷದಲ್ಲಿ ಒಂದು ಆಳು ಹೆಚ್ಚಾಗಿದೆ, ಅಷ್ಟೇ. ತಿಂಗಳಿಗೆ 2,000 ಅಂದ್ರೆ ಈಗಿನ ಐದು ದಿನದ ಕೂಲಿ. ಐದು ದಿನದ ಕೂಲಿ ಬಂದ ಮಾತ್ರಕ್ಕೆ ಇಪ್ಪತ್ತೈದು ದಿನ ಯಾರೂ ಕಾಲು ಚಾಚಿ ಮಲಗಲ್ಲ. ಬಸ್ಸಿಂದ ಒಂದು ನಿಜ ಇದೆ. ವಯಸ್ಸಿನ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗ್ತಿದ್ದಾರೆ, ಊರಲ್ಲಿ ಉಳಿದಿರೋದು ಅಕ್ಕನಂಥವರು. ಅದಕ್ಕೆ ಉಳಿದವರ ಕೂಲಿ ಇಳಿಸೋದು ಯಾವ ಲೆಕ್ಕ?

ಸೋಮಾರಿಗಳೇ ಇಲ್ಲ ಅಂತ ನಾನು ಹೇಳಲ್ಲ. ಬೆಳಗ್ಗೆ ಏಳಕ್ಕೇ ಪ್ಯಾಕೆಟ್ ಹುಡುಕೋ ಗಂಡಾಳು ನಮ್ಮೂರಲ್ಲೂ ಇದ್ದಾರೆ, ಹೊಲದಲ್ಲಿ ಮೊಬೈಲ್ ನೋಡ್ತಾ ಕೂರೋ ಹುಡುಗರೂ ಇದ್ದಾರೆ. ಆದರೆ ಅವರಲ್ಲೇ ಒಬ್ಬ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ದಿನಕ್ಕೆ 900 ತರ್ತಿದ್ದಾನೆ. ಇಲ್ಲಿ ಬದು ಹಾಕೋಕೆ ಬಾರದವನು ಅಲ್ಲಿ ಮೂರನೇ ಮಹಡಿಗೆ ಕಬ್ಬಿಣ ಹೊರ್ತಾನೆ. ಬಿಹಾರದ ಹುಡುಗರು ಒಳ್ಳೆ ಕೆಲಸಗಾರರಪ್ಪಾ ಅಂತೀವಿ, ಅವರ ಊರಿನ ಜಮೀನ್ದಾರ ಅವರನ್ನ ಏನಂತಿದ್ದನೋ ಯಾರಿಗೆ ಗೊತ್ತು.

ಕೆಲಸ ಕಮ್ಮಿ ಆಗೋಕೆ ಜಾಗದ ಕಾರಣಗಳು ಎಷ್ಟಿದಾವೆ ಅಂತ ಒಂದು ಬೆಳಗ್ಗೆ ಎದ್ದು ನೋಡಿ. ನೀರು ಮೂರು ದಿನಕ್ಕೊಮ್ಮೆ ಬಿಡ್ತಾರೆ, ಬಿಟ್ಟ ದಿನ ಹೆಂಗಸರು ಕೊಡ ಇಟ್ಕೊಂಡು ಕಾಯಬೇಕು. ಚಿಕ್ಕ ಮಕ್ಕಳಿರೋ ತಾಯಂದಿರು ಅಂಗನವಾಡಿ ಬಾಗಿಲು ತೆಗೆಯೋವರೆಗೂ ಮನೆ ಬಿಡೋ ಹಾಗಿಲ್ಲ. ಹೊಲಕ್ಕೆ ಬರೋ ಹೊತ್ತಿಗೆ ಹತ್ತು ಗಂಟೆ, ನೆತ್ತಿ ಮೇಲೆ ಬಿಸಿಲು, ಹೊಲದಲ್ಲಿ ನೆರಳು ಅಂದ್ರೆ ಒಂದು ಜಾಲಿ ಗಿಡ. ತಂಗಿ ಊರಲ್ಲಿ ಆರು ಗಂಟೆಗೆ ಶುರು ಮಾಡಿ ಹನ್ನೊಂದೂವರೆಗೆ ಬಿಟ್ಟು, ಮತ್ತೆ ಮೂರೂವರೆಗೆ ನೆರಳಲ್ಲಿ ಕೂರ್ತಿದ್ದರು. ಬೊಲೆರೊ ಇದ್ದಿದ್ದಕ್ಕೆ ಅದು ಆಯ್ತು ಅನ್ನೋದೂ ನಿಜ.

ನಮ್ಮನ್ನೇ ತಗೊಳ್ಳಿ. ಮೋಟರಿಗೆ ತ್ರೀ ಫೇಸ್ ಏಳು ಗಂಟೆ, ಅದರಲ್ಲಿ ಒಂದು ಪಾಳಿ ರಾತ್ರಿ. ರಾತ್ರಿ ಒಂದು ಗಂಟೆಗೆ ಎದ್ದು ಟಾರ್ಚ್ ಹಿಡ್ಕೊಂಡು ಹಾವಿಗೆ ಹೆದರ್ಕೊಂಡು ನೀರು ಕಟ್ಟಿ, ಬೆಳಗ್ಗೆ ಕುಂಟೆ ಹೊಡೆಯೋಕೆ ನಿಂತರೆ ನಾನೇ ಅರ್ಧ ಆಳು. ಬದುವಿನ ಮೇಲೆ ತೂಕಡಿಸಿದ್ದೀನಿ. ನನ್ನನ್ನ ಯಾರೂ ಸೋಮಾರಿ ಅನ್ನಲ್ಲ, ಯಾಕಂದ್ರೆ ನನಗೆ ಕೂಲಿ ಕೊಡೋರು ಯಾರೂ ಇಲ್ಲ.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. ಬೇಸಿಗೆಯಲ್ಲಿ ಕಲಬುರಗಿ, ಬೆಳಗಾವಿ ವಿಭಾಗದ ಜಿಲ್ಲೆಗಳಲ್ಲಿ ನರೇಗಾ ಕೆಲಸದ ಅಳತೆಗೆ ರಿಯಾಯಿತಿ ಕೊಡ್ತಾ ಬಂದಿದ್ದಾರೆ. ಅಂದ್ರೆ ಕಮ್ಮಿ ಮಣ್ಣು ಅಗೆದರೂ ಪೂರ್ತಿ ಕೂಲಿ, ಯಾಕಂದ್ರೆ ಆ ಬಿಸಿಲಲ್ಲಿ ಅಷ್ಟೇ ಆಗೋದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಂದು ವರದಿ ಕೊಟ್ಟಿತು, 2030ರ ಹೊತ್ತಿಗೆ ಭಾರತ ಬಿಸಿಲಿನಿಂದಲೇ ದುಡಿಮೆ ಗಂಟೆಯ ನೂರಕ್ಕೆ 5.8 ಭಾಗ ಕಳ್ಕೊಳ್ಳುತ್ತೆ ಅಂತ. ನಮ್ಮ ರಾಜ್ಯದ್ದೇ ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿದ್ದ 175 ತಾಲ್ಲೂಕಿನಲ್ಲಿ 114 ಹಿಂದುಳಿದಿವೆ ಅಂತ ಬರೀತು. 35 ಅಂಶ ಇಟ್ಕೊಂಡು ಅಳೆದಿದ್ದರು. ಸೋಮಾರಿತನ ಅನ್ನೋದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೋದ ವರ್ಷ ನನಗೆ ಸಿಕ್ಕಿದ್ದು ಕ್ವಿಂಟಾಲಿಗೆ 5,500. ಕಾಲು ಚೀಲ ಅಂದ್ರೆ 10 ಕೆ.ಜಿ., 550 ರೂಪಾಯಿ. ಅದರಲ್ಲಿ 400 ಕೂಲಿ ಹೋಗಿ ಆಳಿಗೆ 150 ಉಳೀತು, ಇಪ್ಪತ್ತು ಆಳಿಗೆ 3,000. ಬೀಜದ ದುಡ್ಡೇ ಅದಕ್ಕಿಂತ ಜಾಸ್ತಿ. ಕಳೆ, ಉಳುಮೆ ಸೇರಿಸಿದರೆ ಕೈಯಿಂದ ಹೋಗಿದೆ. ತಂಗಿ ಮನೆಯಲ್ಲಿ ಅದೇ ಬೆಲೆಗೆ ಆಳಿಗೆ 1,650 ಬರುತ್ತೆ. ಅವರು 450 ಕೊಟ್ಟು, ಎರಡು ಸಲ ಕಾಫಿ, ಮಧ್ಯಾಹ್ನ ಮುದ್ದೆ ಸಾರು ಹಾಕಿ ನಗ್ತಾ ಕಳಿಸ್ತಾರೆ. ಅವರೇನು ಧರ್ಮಾತ್ಮರು ಅಂತಲ್ಲ, ಅವರ ಹೊಲ ಆ ದುಡ್ಡು ಹುಟ್ಟಿಸುತ್ತೆ. ನಮ್ಮ ಹೊಲ ಹುಟ್ಟಿಸಲ್ಲ. ಆ ಸಿಟ್ಟನ್ನ ನಾವು ಹತ್ತಿರ ಸಿಗೋರ ಮೇಲೆ ಹಾಕ್ತಿದ್ದೀವಿ.

300 ಮಾಡಿದರೆ ಎಕರೆಗೆ ಕಿತ್ತು ಬಿಡಿಸೋದರಲ್ಲಿ 2,000 ಉಳಿಯುತ್ತೆ. ಒಪ್ಪಿದೆ. ಎಷ್ಟು ದಿನ? 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿನೇ 370 ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಆ ಸರ್ಕಾರಿ ಕೂಲಿಗಿಂತ 70 ಕಮ್ಮಿಗೆ ಯಾರು ಬರ್ತಾರೆ? ಬೊಲೆರೊ ಹುಡುಗ ಕಾಯ್ತಾ ಇದ್ದಾನೆ, ಅವನಿಗೆ ಹಿರಿಯೂರಿಂದ ದಿನಾ ಫೋನು. ನಾವು ಕಟ್ಟುಪಾಡು ಮಾಡಿದ ಮಾರನೇ ದಿನ ಊರು ಖಾಲಿ ಆಗುತ್ತೆ, ಕಡ್ಲೆಕಾಯಿ ಹೊಲದಲ್ಲೇ ಮೊಳಕೆ ಬರುತ್ತೆ. ಇನ್ನೊಂದು, ಟ್ರ್ಯಾಕ್ಟರ್ ತಡೆಯೋ ಮಾತು ಯಾರು ಎತ್ತಿದರೋ ಅವರು ಯೋಚನೆ ಮಾಡಬೇಕು. ಮುಯ್ಯಾಳು ಮಾಡ್ಕೊಂಡು ಒಬ್ಬರ ಹೊಲ ಒಬ್ಬರು ಮುಗಿಸ್ತಿದ್ದ ಊರು ಇದು.

ನಾನು ಈ ವರ್ಷ ಏನು ಮಾಡ್ತೀನಿ ಅಂತ ಹೇಳಿಬಿಡ್ತೀನಿ, ಬೈಯೋರು ಮೊದಲೇ ಬೈಯಲಿ.

ಕಳೆಗೆ ಕೂಲಿ 400, ಬದಲಾವಣೆ ಇಲ್ಲ. ಬೆಳಗ್ಗೆ ಆರೂವರೆಯಿಂದ ಹನ್ನೆರಡೂವರೆ, ಆಮೇಲೆ ಮನೆಗೆ. ಆರು ಗಂಟೆ ಕೆಲಸಕ್ಕೆ ಪೂರ್ತಿ ಕೂಲಿನಾ ಅಂತ ನನ್ನ ಹೆಂಡತಿಯೂ ಕೇಳಿದಳು. ನಾನು ಹೋದ ವರ್ಷದ ಕಳೆ ಸಾಲು ಎಣಿಸಿದ್ದೆ, ಮಧ್ಯಾಹ್ನ ಒಂದರಿಂದ ಐದರವರೆಗೆ ಆಗಿದ್ದು ಬೆಳಗಿನ ಎರಡು ಗಂಟೆಯಷ್ಟೂ ಇಲ್ಲ. ಬೇಗ ಬರೋಕೆ ಆಗದ ಮಕ್ಕಳ ತಾಯಂದಿರಿಗೆ ನಮ್ಮ ಅವ್ವ ಮನೆಯಲ್ಲೇ ಇರ್ತಾಳೆ, ಅಂಗನವಾಡಿಗೆ ಅವಳೇ ಬಿಟ್ಟು ಬರ್ತಾಳೆ. ಪಂಚಾಯ್ತಿಯಲ್ಲಿ ಕೂಸಿನ ಮನೆ ಮಾಡಿಸಿ ಅಂತ ಅರ್ಜಿ ಬರೆದಿದ್ದೀನಿ, ಸಹಿ ಹಾಕೋರು ಬನ್ನಿ. ಹೊಲಕ್ಕೆ ಫಿಲ್ಟರ್ ನೀರಿನ ಎರಡು ಕ್ಯಾನು ಇರುತ್ತೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತೆ, ಅಷ್ಟಕ್ಕೆ ನಾವು ಬಡವರಾಗಲ್ಲ. ಇಷ್ಟು ವರ್ಷ ಬೋರ್ ನೀರನ್ನೇ ಕೊಡ್ತಿದ್ದೆ.

ಕೀಳೋ ಟೈಮಿಗೆ ಕೃಷಿ ಹೊಂಡದ ನೀರು ಉಳಿಸ್ಕೋತೀನಿ. ಕೃಷಿ ಭಾಗ್ಯದಲ್ಲಿ ಮಾಡಿಸಿದ್ದ ಹೊಂಡದ ಟಾರ್ಪಾಲು ಹರಿದು ಎರಡು ವರ್ಷ ಆಗಿತ್ತು, ಈಗ ಅಂಟಿಸಿದ್ದೀನಿ. ಸ್ವಾತಿ ಮಳೆ ಬರದಿದ್ದರೂ ಸ್ಪ್ರಿಂಕ್ಲರಲ್ಲಿ ಒಂದು ತೇವ ಕೊಟ್ಟು ಕೀಳಿಸಿದರೆ 11 ಆಳು 7ಕ್ಕೆ ಬರುತ್ತಾ ಅಂತ ನೋಡಬೇಕು. ಬಂದರೂ ಬರದಿದ್ದರೂ ಇಲ್ಲೇ ಬರೀತೀನಿ. ಕಾಯಿ ಬಿಡಿಸೋ ಮಿಷನ್ನು ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಸಿಗುತ್ತಾ ಅಂತ ವಿಚಾರಿಸ್ತಿದ್ದೀನಿ. ನನ್ನ ಒಂದು ಎಕರೆಗೆ ತರಿಸೋದು ದಂಡ, ಐದಾರು ಜನ ಒಂದೇ ವಾರ ಕಿತ್ತರೆ ಅಕ್ಕಪಕ್ಕ ನಿಲ್ಲಿಸ್ಕೊಂಡು ಮುಗಿಸಬಹುದು. ಮಿಷನ್ ಬಂದರೆ ಕೂತು ಬಿಡಿಸೋ ಅಕ್ಕನಂಥವರ ಕೆಲಸ ಹೋಗುತ್ತಲ್ಲ ಅನ್ನೋ ಯೋಚನೆಯೂ ಇದೆ. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಆರಿಸೋದು, ಒಣಗಿಸೋದು, ಬೀಜಕ್ಕೆ ಕಾಯಿ ಸುಲಿಯೋದು ಕೂತು ಮಾಡೋ ಕೆಲಸ, ಅದನ್ನ ಅವರಿಗೇ ಇಡೋಣ ಅಂತ ಸದ್ಯಕ್ಕೆ ಅಂದ್ಕೊಂಡಿದ್ದೀನಿ.

ಮೊನ್ನೆ ಸಾಯಂಕಾಲ ಅಕ್ಕನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸ್ತಿದ್ದರು. ಅವತ್ತು ನಾನು ಅಂದಿದ್ದು ತಪ್ಪಾಯ್ತಕ್ಕಾ ಅಂದೆ. "ಹೋಗ್ಲಿ ಬಿಡಪ್ಪಾ, ಯಾವತ್ತಿಂದೋ" ಅಂದರು. ತಾಲ್ಲೂಕು ಆಸ್ಪತ್ರೆಗೆ ನನ್ನ ತಮ್ಮನನ್ನ ತೋರಿಸೋಕೆ ಕರ್ಕೊಂಡು ಹೋಗ್ತೀನಿ, ನೀವೂ ಬನ್ನಿ ಅಂದೆ. ಬುಧವಾರ ಆದ್ರೆ ಬರ್ತೀನಿ ಅಂದರು. ಕಳೆಗೆ ಬರ್ತೀರಾ ಅಂತ ಕೇಳೋಕೆ ಬಾಯಿ ಬರಲಿಲ್ಲ, ಅವರೇ ಕೇಳಿದರು: "ಸಾಲು ಎಷ್ಟು ಉದ್ದ ಐತೆ ಈ ಸಲ?"

ಕಳೆ ಸೋಮವಾರ ಶುರು. ಮಿಷನ್‌ಗೆ ಸೇರೋರು ಅದಕ್ಕೆ ಮುಂಚೆ ತಿಳಿಸಿ, ಯಾರ ಹೊಲ ಯಾವ ದಿನ ಅಂತ ಬರ್ಕೊಬೇಕು. ಭಾನುವಾರ ಡೈರಿ ಹತ್ತಿರ ಬರ್ತೀನಿ, ಪುಸ್ತಕ ತರ್ತೀನಿ. ನಿಮ್ಮ ಹತ್ತಿರ ಆಳಿನ ಲೆಕ್ಕ ಬರೆದಿಟ್ಟಿದ್ದರೆ ನೀವೂ ತನ್ನಿ.